ಯಾರ ಮನೆಯ ಮಾತು

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಉಲಮೀಲಾಳ ಪಾದ ಬಾತು, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಹೂತುಹೋಗಿರುತ್ತಿತ್ತು. ಚಪ್ಪಲಿ ಕಳಚಿ ಮೇಜಿನ ಕೆಳಗಿನ ತಣ್ಣನೆಯ ಸಿಮೆಂಟಿಗೆ ಪಾದ ಊರಿ ಕೂತಳೆಂದರೆ, ಮೇಡಮ್ಮನ್ನು ಎಬ್ಬಿಸಬೇಕಾದರೆ ಇನ್ನು ಚಂಡಮಾರುತವೇ ಬರಬೇಕು ಎಂದು ಮಕ್ಕಳು ಆಡಿಕೊಳ್ಳುತ್ತಿದ್ದರು. ನಾಸೇವೌ ಶಾಲೆಯ ಪುಸ್ತಕದ ಕೋಣೆ ನೋಡಿಕೊಳ್ಳಲು ಅವಳು ಬಂದಾಗ ಬಾಗಿಲ ಮುಂದಿನ ದೀವಿಹಲಸಿನ ಗಿಡ ಅವಳ ಸೊಂಟದಷ್ಟಿತ್ತು. ಈಗ ಅದರ ಕಾಯಿ ಬಿದ್ದು ಬಿದ್ದು ಮಾಡಿನ ತಗಡು ತಗ್ಗಾಗಿದೆ. ಕ್ರಿಸ್ಮಸ್ಸಿಗೆ ಅವಳ ನೌಕರಿ ಮುಗಿಯುತ್ತದೆ. ಅವಳ ಜಾಗಕ್ಕೆ ಯಾರು ಬರುತ್ತಾರೆ ಎಂದು ಕೇಳಿದರೆ ಹೆಡ್‌ಮಾಸ್ಟರ್ ಅಪೆನೀಸಾ ಕಿಟಕಿಯಾಚೆ ನೋಡುತ್ತಾರೆ.

ಪುಸ್ತಕದ ಕೋಣೆ ಎಂದರೆ ಒಂದು ಹಳೆಯ ತರಗತಿ. ಆಸ್ಟ್ರೇಲಿಯಾದ ಯಾವುದೋ ಶಾಲೆಯವರು ಓದಿ ಬಿಟ್ಟ ಪುಸ್ತಕಗಳು ಹಡಗಿನಲ್ಲಿ ರಾಜಧಾನಿ ಸುವಾಕ್ಕೆ ಬಂದು, ಅಲ್ಲಿಂದ ಲಾರಿಯಲ್ಲಿ ಇಲ್ಲಿಗೆ ಬರುತ್ತವೆ. ಸಮುದ್ರದ ಗಾಳಿಗೆ ಅವಕ್ಕೆಲ್ಲ ಬೂಸ್ಟು. ಬಿಸಿಲು ಬಿದ್ದ ದಿನ ಅಂಗಳದಲ್ಲಿ ಚಾಪೆ ಹಾಸಿ, ಹಪ್ಪಳ ಒಣಗಿಸಿದ ಹಾಗೆ ಪುಸ್ತಕಗಳನ್ನು ಬಿಡಿಸಿಡಬೇಕು, ಮೋಡ ಕಂಡರೆ ಓಡಿ ಎತ್ತಬೇಕು. ಇನ್ನು ಎರವಲು ಹೋದ ಪುಸ್ತಕದ ಪಾಡು ಬೇರೆ. ಈ ಕಡೆ ನೆಂಟರು ಬಂದು 'ಇದು ಕೊಡು' ಅಂದರೆ ಇಲ್ಲ ಅನ್ನುವ ರೂಢಿಯೇ ಇಲ್ಲ. ಮಗು ಒಯ್ದ ಪುಸ್ತಕ ಚಿಕ್ಕಪ್ಪನ ಕೈಗೆ, ಚಿಕ್ಕಪ್ಪನಿಂದ ಅವನ ಭಾವಮೈದುನನ ಕೈಗೆ ಹೋಗುತ್ತದೆ. ದೋಣಿಯ ಇಂಜಿನ್ ರಿಪೇರಿಯ ಪುಸ್ತಕವೊಂದು ಹೋಗಿ ವರ್ಷಗಳಾಗಿದ್ದವು. ಇಂಜಿನ್ನೂ ಸರಿಹೋಗಲಿಲ್ಲ, ಪುಸ್ತಕವೂ ಬರಲಿಲ್ಲ. ಅವಳು ಶನಿವಾರ ಶನಿವಾರ ಮನೆ ಮನೆ ಹತ್ತಿ, ಪ್ರತಿ ಮನೆಯಲ್ಲೂ ಬೇಡವೆಂದರೂ ಬಿಡದೆ ಕೊಡುವ ಚಹಾ ಕುಡಿದು, ಹಾಸಿಗೆಯ ಕೆಳಗಿಂದ ಒಂದೊಂದನ್ನೇ ಎಳೆದು ತರುತ್ತಿದ್ದಳು.

ಓದಿಸುವುದಕ್ಕೆ ಅವಳದೊಂದು ದಾರಿ ಇತ್ತು. ಸಂಜೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಕತೆ ಓದುವಳು. ಹುಡುಗಿ ಬಾವಿಗೆ ಬಿದ್ದಳು, ಹಗ್ಗ ಹರಿಯಿತು ಅನ್ನುವಷ್ಟರಲ್ಲಿ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟುಬಿಡುವಳು.

"ಮೇಡಮ್, ಆಮೇಲೆ?"

"ಆಮೇಲಿಂದು ಕಪಾಟಲ್ಲಿದೆ. ಕಾಲಿದ್ರೆ ಎದ್ದು ಹೋಗಿ, ಕಣ್ಣಿದ್ರೆ ಓದ್ಕೊಳಿ."

ದೊಡ್ಡ ಮಕ್ಕಳು ಪಾಠಕ್ಕಾಗಿ ಏನಾದರೂ ಹುಡುಕಿ ಬರೆದು ತಂದರೆ ಅವಳದು ಒಂದೇ ಪ್ರಶ್ನೆ. "ಯಾರ ಮನೆ ಮಾತು ಇದು?" ಪುಸ್ತಕದ್ದಾದರೆ ಯಾವ ಪುಸ್ತಕ, ಬರೆದವರು ಯಾರು. ಅಜ್ಜ ಹೇಳಿದ್ದಾದರೆ ಯಾವ ಅಜ್ಜ, ಯಾವ ಊರು. "ಇನ್ನೊಬ್ಬರ ಊರಿಗೆ ಹೋದ್ರೆ ಮೊದಲು ಏನ್ ಮಾಡ್ತೀರಿ?" ಎಂದು ಕೇಳುವಳು. "ಯಂಗೋನಾ ಬೇರು ಮುಂದಿಟ್ಟು, ಬರ್‍ಲಾ ಅಂತ ಕೇಳ್ತೀವಿ ಮೇಡಮ್" ಎಂದು ಮಕ್ಕಳು ರಾಗ ಎಳೆಯುವರು. "ಹಾಗೇ ಇದೂನೂ. ಕೇಳದೆ ನುಗ್ಗಿ ಮಾತು ಎತ್ಕೊಂಡು ಬಂದ್ರೆ ಅದು ಕಳ್ಳತನ. ಎರಡು ಮನೇಲಿ ಕೇಳಿ. ಎರಡೂ ಒಂದೇ ಹೇಳ್ತವಾ ನೋಡಿ." ಬಾಯಿಪಾಠವಾಗಿಹೋಗಿದ್ದ ಮಾತು. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಯಾರಾದರೂ ಅವಳ ದನಿಯಲ್ಲೇ "ಯಾರ ಮನೆ ಮಾತು ಇದು" ಅನ್ನುತ್ತಿದ್ದರು.

ಆ ಪ್ರಶ್ನೆಯನ್ನು ಅವಳು ಒಂದು ಸಲ ಕೇಳಲಿಲ್ಲ.

ಓದಿನ ವಾರ ಮುಗಿಯುವ ಹಿಂದಿನ ದಿನ. ಇಡೀ ಹಗಲು ಕಪಾಟು ಒರೆಸಿ, ಗೆದ್ದಲು ಹಿಡಿದದ್ದನ್ನು ಬೇರೆ ಮಾಡಿ, ಅವಳ ಸೊಂಟ ಬಿದ್ದುಹೋಗಿತ್ತು. ಹನ್ನೊಂದನೆಯ ತರಗತಿಯ ಕೆಲೆರಾ ತನ್ನ ಕಾಗದ ಹಿಡಿದು ಬಂದಳು. ನಮ್ಮ ಸುತ್ತಿನ ಒಂದು ಜಾಗದ ಕತೆ ಬರೆಯಿರಿ ಎಂದು ದೊಡ್ಡ ಮಕ್ಕಳಿಗೆ ಶಾಲೆಯಲ್ಲಿ ಹೇಳಿದ್ದರು. ಆರಿಸಿದ್ದನ್ನು ನಾಳೆ ಊರವರೆಲ್ಲರ ಮುಂದೆ ಓದಬೇಕು. ಕೆಲೆರಾ ಬರೆದದ್ದು ಹೊಳೆಯ ಮೇಲ್ಗಡೆ ಇರುವ ವೈಕೋರೋ ಊರಿನ ಮಡುವಿನ ಕತೆ. ಹಿಂದೆ ಯುದ್ಧ ಬಂದಾಗ ವೈಕೋರೋದ ಮೂಲಪುರುಷ ಹೆದರಿ, ಹೆಂಗಸರ ನಾರಿನ ಲಂಗ ಉಟ್ಟು, ಮಡುವಿನಲ್ಲಿ ಸಿಗಡಿ ಹಿಡಿಯುವ ಹೆಂಗಸರ ನಡುವೆ ಅಡಗಿ ಕೂತನಂತೆ. ಶತ್ರುಗಳು ನಕ್ಕು ಹೋದರಂತೆ.

ಉಲಮೀಲಾ ಓದಿ, ಹೊಟ್ಟೆ ಹಿಡಿದು ನಕ್ಕುಬಿಟ್ಟಳು.

ನಗುವುದಕ್ಕೆ ಕಾರಣವಿತ್ತು. ಅವಳು ಹುಟ್ಟಿದ ದ್ವೀಪಕ್ಕೂ ವೈಕೋರೋಗೂ 'ತೌವು' ನಂಟು. ಎರಡೂ ಊರಿನ ಮೂಲಪುರುಷರು ಅಣ್ಣತಮ್ಮಂದಿರು. ತೌವು ಅಂದರೆ ಬೈಗುಳದ ನಂಟು. ಎಷ್ಟು ಬೈದರೂ ಕೋಪ ಮಾಡಿಕೊಳ್ಳುವ ಹಾಗಿಲ್ಲ, ಒಬ್ಬರ ಮನೆಯ ಗಡಿಗೆಯಿಂದ ಇನ್ನೊಬ್ಬರು ಎತ್ತಿಕೊಂಡು ತಿಂದರೂ ಕೇಳುವ ಹಾಗಿಲ್ಲ. ಬುಧವಾರದ ಸಂತೆಯಲ್ಲಿ ವೈಕೋರೋ ಹೆಂಗಸರು ಇವಳನ್ನು ಕಂಡರೆ "ಬಂದ್ಲು ನೋಡ್ರೇ ಆಮೆ ಕಳ್ಳಿ, ಗಂಟು ಭದ್ರ" ಎಂದು ಕೂಗುವರು. "ಹಾವುಮೀನು ನೆಕ್ಕೋರೇ, ನಿಮ್ಮ ಗಂಟು ಮೂಸಿದ್ರೆ ನಾಯೀನೂ ಮುಟ್ಟಲ್ಲ" ಎಂದು ಇವಳು ಅಂದು, ಅವರ ಬುಟ್ಟಿಯಿಂದ ಒಂದು ಬಾಳೆಹಣ್ಣು ಕಿತ್ತುಕೊಳ್ಳುವಳು. ಲಂಗದ ಕತೆಯನ್ನೂ ಎಲ್ಲೋ ಅರ್ಧಂಬರ್ಧ ಕೇಳಿ, "ಲಂಗ ಉಟ್ಟವನ ಮೊಮ್ಮಕ್ಕಳು" ಎಂದು ಎಷ್ಟೋ ಸಲ ಅಂದಿದ್ದಳು.

"ಚೆನ್ನಾಗಿದೆ ಕಣೇ. ನಾಳೆ ವೈಕೋರೋದ ಎರೋನಿ ಮುದುಕನ ಮುಖ ನೋಡ್ಬೇಕು" ಎಂದು ಕಾಗದ ಕೊಟ್ಟು ಕಳಿಸಿದಳು.

ಕೆಲೆರಾ ತೌವು ಅಲ್ಲ, ನಾಸೇವೌ ಊರಿನ ಹುಡುಗಿ, ವೈಕೋರೋಗೆ ಹೊರಗಿನವಳು. ಅದು ಉಲಮೀಲಾಳಿಗೆ ಹೊಳೆಯಲೇ ಇಲ್ಲ. ಕಾಲು ಸಿಡಿಯುತ್ತಿತ್ತು, ಮನೆಗೆ ಹೋಗಿ ಬಿಸಿನೀರಲ್ಲಿ ಇಟ್ಟರೆ ಸಾಕಾಗಿತ್ತು.

ಮಾರನೆಯ ದಿನ ಶಾಲೆಯ ಅಂಗಳದಲ್ಲಿ ಚಪ್ಪರ. ಮುಂದಿನ ಚಾಪೆಯಲ್ಲಿ ವೈಕೋರೋದ ಹಿರಿಯ ಎರೋನಿ, ಅವನ ಊರವರು. ನಡುವೆ ಮರದ ದೊಡ್ಡ ಬಟ್ಟಲಲ್ಲಿ, ಬೇರು ಕುಟ್ಟಿ ನೀರಿಗೆ ಹಾಕಿ, ಕುಡಿಯಲು ಯಂಗೋನಾ ಕಲಸಿಟ್ಟಿತ್ತು. ಕೆಲೆರಾ ಎದ್ದು ನಿಂತು ಓದಿದಳು. ದನಿ ಗಟ್ಟಿ, ಉಚ್ಚಾರ ಸ್ಪಷ್ಟ. ಲಂಗದ ಮಾತು ಬಂದಾಗ ಹಿಂದೆ ಕೂತ ಮಕ್ಕಳು ಕಿಸಕ್ಕೆಂದರು. ಉಲಮೀಲಾ ಎರೋನಿಯ ಮುಖ ನೋಡಿದಳು. ಅಲ್ಲಿ ನಗುವಿನ ಗುರುತೂ ಇರಲಿಲ್ಲ.

ಎರೋನಿ ಬೈಯಲಿಲ್ಲ. ತನ್ನ ಮುಂದಿಟ್ಟ ತೆಂಗಿನ ಚಿಪ್ಪಿನ ಯಂಗೋನಾವನ್ನು ಹಾಗೇ ಬಿಟ್ಟು ಎದ್ದ. ಅವನ ಹಿಂದೆ ವೈಕೋರೋದವರೆಲ್ಲ ಎದ್ದರು, ಮಕ್ಕಳ ಕೈ ಹಿಡಿದರು, ಹೊಳೆಯ ಕಡೆ ನಡೆದರು. ಕುಡಿಯದೆ ಎದ್ದು ಹೋಗುವುದೆಂದರೆ ನಂಟು ಕಡಿದ ಹಾಗೆ ಎಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೋಮವಾರ ಬಂದು ನೋಡಿದರೆ ಪುಸ್ತಕದ ಕೋಣೆಯ ಮೆಟ್ಟಿಲ ಮೇಲೆ ಪುಸ್ತಕದ ರಾಶಿ. ವೈಕೋರೋ ಮಕ್ಕಳು ಒಯ್ದದ್ದೆಲ್ಲ ವಾಪಸ್ಸು ಬಂದಿತ್ತು. ನಾರಿನ ಹಗ್ಗದಲ್ಲಿ ಕಟ್ಟಿ, ಮಳೆ ತಾಗದಿರಲೆಂದು ಬಾಳೆ ಎಲೆ ಹೊದಿಸಿಟ್ಟಿದ್ದರು. ಇಂಜಿನ್ನಿನ ಪುಸ್ತಕವೂ ಅದರಲ್ಲಿತ್ತು. ಇಷ್ಟು ವರ್ಷ ಹಾಸಿಗೆಯಡಿಯಿಂದ ಕಿತ್ತು ತಂದವಳಿಗೆ, ಕೇಳದೆ ಬಂದ ಪುಸ್ತಕ ನೋಡಿ ಅಳು ಬಂತು.

ವೈಕೋರೋ ಮಕ್ಕಳು ಶಾಲೆಗೆ ಬಂದರು, ಪಾಠ ಕೇಳಿದರು, ಆದರೆ ಆ ಕೋಣೆಯ ಬಾಗಿಲಿಗೆ ಬರಲಿಲ್ಲ. ಓದುವ ಮಕ್ಕಳೆಂದರೆ ಅವರೇ. ಹೊಳೆ ತುಂಬಿ ದೋಣಿ ಬಾರದ ದಿನ ಬೆಳಕಿರುವ ತನಕ ಚಾಪೆಯಲ್ಲಿ ಬಿದ್ದುಕೊಂಡು ಓದಿದವರು. ಮೇರೆಯಾನಿ ಎಂಬ ಪುಟ್ಟ ಹುಡುಗಿ ಕಿಟಕಿಯಾಚೆ ನಿಂತು ಕಪಾಟಿನತ್ತ ನೋಡುತ್ತಿದ್ದಳು. ಉಲಮೀಲಾ ಕರೆದರೆ, "ಮೋಮೋ ಎರೋನಿ ಬೇಡ ಅಂದಿದ್ದಾರೆ ಮೇಡಮ್. ಆ ಕೋಣೇಲಿ ನಮ್ಮ ಮೂಲದಜ್ಜಂಗೆ ಮರ್ಯಾದೆ ಇಲ್ವಂತೆ" ಅಂದು ಓಡಿದಳು. ಮೋಮೋ ಅಂದರೆ ಸೋದರಮಾವ, ಹಿರಿಯರನ್ನೂ ಹಾಗೇ ಕರೆಯುವರು. ಮಾವ ಬೇಡ ಅಂದಮೇಲೆ ಮುಗಿಯಿತು.

ಅಪೆನೀಸಾ ಮಾಸ್ಟರು ಹೇಳಿದರು, "ಮೇಡಮ್, ನೀವು ಅವರಿಗೆ ತೌವು ತಾನೆ? ಹೋಗಿ ನಾಲ್ಕು ಬೈದು ಬನ್ನಿ, ಎಲ್ಲ ಸರಿಹೋಗುತ್ತೆ."

ಅವಳಿಗೂ ಹಾಗೇ ಅನ್ನಿಸಿತ್ತು. ಬುಧವಾರ ಸಂತೆಗೆ ಹೋಗಿ ವೈಕೋರೋ ಹೆಂಗಸರ ಮುಂದೆ ನಿಂತಳು. "ಏನ್ರೇ ಹಾವುಮೀನುಗಳಾ, ನಾಲಿಗೆ ಬಿದ್ದೋಯ್ತಾ?" ಅಂದಳು. ಅವರು ತಲೆಯೆತ್ತಿ ನೋಡಿದರು. ಒಬ್ಬಳು, "ಬಾಳೆಹಣ್ಣು ಬೇಕಾ ಮೇಡಮ್?" ಎಂದು ವಿನಯವಾಗಿ ಕೇಳಿದಳು. ಮೇಡಮ್! ಅವಳು ಕೈಚೀಲ ಅವುಚಿಕೊಂಡು ತಿರುಗಿ ಬಂದಳು. ಯಾರೂ ಬೈಯದ ಆ ದಾರಿ ಅವಳಿಗೆ ಹಿಂದೆಂದೂ ಅಷ್ಟು ಉದ್ದವಾಗಿರಲಿಲ್ಲ.

ಅಂದು ಸಂಜೆಯೇ ಕೆಲೆರಾಳ ಮನೆಗೆ ಹೋದಳು. ಹುಡುಗಿ ಒಳಗೆ ಮುಖ ಮುಚ್ಚಿ ಮಲಗಿದ್ದಳು. ಹೊರಗೆ ಅಜ್ಜ ವಿಲಿಕೇಸಾ ಬಲೆ ಹೆಣೆಯುತ್ತಿದ್ದ.

"ಕೆಲೆರಾ, ಆ ಕತೆ ಯಾರ ಮನೆ ಮಾತು?"

"ಫೋನಲ್ಲಿ ಸಿಕ್ತು ಮೇಡಮ್" ಎಂದು ಹೊದಿಕೆಯೊಳಗಿನಿಂದ ದನಿ ಬಂತು. "ಟೂರಿಸ್ಟರಿಗೆ ಅಂತ ಹಾಕಿದ್ರು. ಹಾಗೇ ಇಳಿಸ್ಕೊಂಡೆ. ನೀವು ಕೇಳ್ತೀರಿ ಅಂತ ಹೆದರಿದ್ದೆ. ನೀವು ಕೇಳ್ಲಿಲ್ಲ."

ನೀವು ಕೇಳ್ಲಿಲ್ಲ. ಉಲಮೀಲಾ ಹೊಸ್ತಿಲ ಮೇಲೆ ಕೂತಳು.

ವಿಲಿಕೇಸಾ ಬಲೆ ಕೆಳಗಿಟ್ಟ. "ಹೋಗ್ಬೇಕು ಮೇಡಮ್. ಬರೀ ಬಾಯಲ್ಲಿ ಆಗೋದಲ್ಲ." ಒಳಗೆ ಹೋಗಿ ಪೆಟ್ಟಿಗೆಯ ತಳದಿಂದ ಬಟ್ಟೆಯಲ್ಲಿ ಸುತ್ತಿದ ತಂಬುವಾ ತಂದ. ತಿಮಿಂಗಿಲದ ಹಲ್ಲು, ಎಣ್ಣೆ ಸವರಿ ಸವರಿ ಜೇನಿನ ಬಣ್ಣಕ್ಕೆ ಬಂದಿತ್ತು. "ದೊಡ್ಡ ಮೊಮ್ಮಗನಿಗೆ ಹೆಣ್ಣು ಕೇಳೋಕೆ ಅಂತ ಇಟ್ಟಿದ್ದೆ. ಅವನು ಕಾಯ್ಲಿ. ಮೊದಲು ಇದು."

"ತುಕಾ, ತಪ್ಪು ನಂದೂ ಇದೆ" ಅಂದಳು ಉಲಮೀಲಾ. ತುಕಾ ಅಂದರೆ ಅಜ್ಜ, ಊರಿಗೆಲ್ಲ ಅವನು ತುಕಾ. "ನನ್ನ ಹೆಸರೂ ಸೇರಿಸಿ ಹೇಳಿ."

"ಸೇರಿಸ್ದೆ ಬಿಡ್ತೀನಾ? ಓದಿದೋಳು ನನ್ನ ಮೊಮ್ಮಗಳು. ಓದು ಅಂದೋರು ನೀವು."

ಶನಿವಾರ ಮೂವರೂ ದೋಣಿ ಹತ್ತಿ ವೈಕೋರೋಗೆ ಹೋದರು. ಎರೋನಿಯ ಮನೆಯ ಬಾಗಿಲ ಹತ್ತಿರವೇ, ತಗ್ಗಿನ ಜಾಗದಲ್ಲಿ ತಲೆ ಬಗ್ಗಿಸಿ ಕೂತರು. ಹೆಂಗಸರು ಎರಡೂ ಕಾಲು ಒಂದೇ ಬದಿಗೆ ಮಡಚಿ ಕೂರಬೇಕು. ಉಲಮೀಲಾಳ ಪಾದದಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ವಿಲಿಕೇಸಾ ತಂಬುವಾ ಎರಡೂ ಕೈಯಲ್ಲಿ ಹಿಡಿದು, ಮೊಮ್ಮಗಳ ತಪ್ಪು, ಮೇಡಮ್ಮನ ತಪ್ಪು, ಒಂದೊಂದಾಗಿ ಹೇಳಿದ. ಹೇಳಿ ಮುಗಿದ ಮೇಲೂ ಹಿಡಿದೇ ಇದ್ದ. ಎರೋನಿ ಕೈ ಚಾಚಲಿಲ್ಲ. ಹೊರಗೆ ಕೋಳಿ ಕೆದಕುವ ಸದ್ದು. ತೋಳು ಸೋತು ಇಳಿದಾಗ ಮುದುಕ ಮತ್ತೆ ಎತ್ತಿ ಹಿಡಿದ.

"ಯಾರು ಹೇಳಿದ್ದು ಮಗಾ ನಿಂಗೆ ಆ ಕತೆ?" ಎಂದ ಎರೋನಿ ಕೊನೆಗೆ, ಕೆಲೆರಾಳನ್ನು ನೋಡಿ.

"ಫೋನಲ್ಲಿತ್ತು ಮೋಮೋ."

"ಫೋನೊಳಗೆ ಯಾರಿದ್ರು? ಹೆಸರಿತ್ತಾ?"

"ಇರ್‍ಲಿಲ್ಲ."

"ಹೆಸರಿಲ್ದೋನು, ಊರಿಲ್ದೋನು. ಅವನು ಚಪ್ಪಲಿ ಹಾಕ್ಕೊಂಡೇ ನನ್ನ ಮನೆಯೊಳಗೆ ಬಂದ. ನೀನು ಕೈ ಹಿಡ್ಕೊಂಡು ಕರ್‍ಕೊಂಡು ಬಂದೆ." ಆಮೇಲೆ ಉಲಮೀಲಾಳ ಕಡೆ ತಿರುಗಿದ. "ನೀನು ಅಂದಿದ್ರೆ ನಾನೂ ನಗ್ತಿದ್ದೆ. ನಿಮ್ಮಜ್ಜ ನಮ್ಮಜ್ಜನ ತಮ್ಮ, ಅದು ಮನೆಯೊಳಗಿನ ಮಾತು. ಅದನ್ನ ಹೊರಗಿನ ಮಗೂ ಬಾಯಿಗೆ ಯಾಕೆ ಹಾಕ್ದೆ? ಯಾರ ಮನೆ ಮಾತು ಅಂತ ಊರಿಗೆಲ್ಲ ಕೇಳ್ತೀಯಂತೆ. ಇವಳನ್ನ ಯಾಕೆ ಕೇಳ್ಲಿಲ್ಲ?"

ಹೇಳಬಹುದಾದ್ದು ಬಹಳ ಇತ್ತು. ಅವಳು ಇದ್ದದ್ದನ್ನೇ ಹೇಳಿದಳು. "ದಣಿದಿದ್ದೆ. ಮತ್ತೆ, ನಗು ಬಂತು."

ಎರೋನಿ ಅವಳ ಬಾತ ಪಾದ ನೋಡಿದ. ಆಮೇಲೆ ಕೈ ಚಾಚಿ ತಂಬುವಾ ತೆಗೆದುಕೊಂಡ. ತಂಬುವಾ ಸಂದಿತು ಎಂದು ಅಂಗೈ ಬೊಗಸೆ ಮಾಡಿ ಎಲ್ಲರೂ ತಟ್ಟಿದರು. ವಿಲಿಕೇಸಾನ ತೋಳು ಮಡಿಲಿಗೆ ಬಿತ್ತು.

ಮೂಲೆಯಲ್ಲಿ ಎರೋನಿಯ ಅಕ್ಕ, ಕಣ್ಣು ಮಂಜಾದ ಲೊಸಲೀನಿ ಬೂಬೂ, ಚಾಪೆ ನೇಯುತ್ತಿದ್ದಳು. ಆ ಊರಿನ ಮಕ್ಕಳಿಗೆಲ್ಲ ಅವಳೇ ಅಜ್ಜಿ. "ತಪ್ಪು ಒಪ್ಕೊಂಡು ಬಂದೋರನ್ನ ಬರಿಗೈಲಿ ಕಳಿಸ್ತೀಯೇನೋ? ಏ ಹುಡುಗಿ, ಹತ್ರ ಬಾ. ಬರೀತೀಯಾ?"

ಕೆಲೆರಾ ಉಲಮೀಲಾಳ ಮುಖ ನೋಡಿದಳು. "ಮೊದಲು ಕೇಳು" ಅಂದಳು ಉಲಮೀಲಾ ಮೆಲ್ಲಗೆ.

"ಬೂಬೂ, ಬರ್‍ಕೊಳ್ಲಾ?"

"ಬರ್‍ಕೋ. ನಮ್ಮಪ್ಪ ನಂಗೆ ಹೇಳಿದ್ದು, ಅವರತ್ತೆ ಅವರಿಗೆ ಹೇಳಿದ್ದು. ಅದನ್ನೂ ಬರ್‍ಕೋ. ಅವನು ಹೆದರಿ ಲಂಗ ಉಟ್ಟಿದ್ದಲ್ಲ ಮಗಾ. ಅವನ ಅಣ್ಣ ಸತ್ತಿದ್ದ, ಊರಿನ ಯಜಮಾನ. ಶತ್ರುಗಳಿಗೆ ಹೆಣ ಬೇಕಿತ್ತು, ಸಿಕ್ಕಿದ್ರೆ ಏನ್ ಮಾಡ್ತಿದ್ರೋ ಹೇಳಬಾರ್ದು. ಹೆಂಗಸರು ಹೆಣಾನ ಮಡುವಿನ ಅಂಚಿಗೆ ತಂದು ಬಲೆ ಮುಚ್ಚಿದ್ರು. ಸಿಗಡಿ ಹಿಡಿಯೋ ಹೆಂಗಸರನ್ನ ಯಾರೂ ಮುಟ್ತಿರ್‍ಲಿಲ್ಲ. ಬಲೆ ಮೇಲೆ ಇವನು ಲಂಗ ಉಟ್ಟು ಕೂತ. ಅವರು ಕಂಡ್ರು, ಗುರುತು ಹಿಡಿದ್ರು, ಹೇಡಿ ಅಂತ ಉಗಿದ್ರು, ನಕ್ಕೊಂಡು ಹೋದ್ರು. ಇವನು ತಲೆ ಎತ್ತಲಿಲ್ಲ. ಎತ್ತಿದ್ರೆ ಅಣ್ಣ ಸಿಕ್ಕಿಬೀಳ್ತಿದ್ದ. ನಕ್ಕೋರನ್ನ ನಗೋಕೆ ಬಿಟ್ಟ. ಇವತ್ತಿಗೂ ಆ ಮಡುವಲ್ಲಿ ನಾವು ಸಿಗಡಿ ಹಿಡಿಯಲ್ಲ."

ಉಲಮೀಲಾ ತಲೆ ಬಗ್ಗಿಸಿದಳು. ಬಲೆಯಡಿ ಇದ್ದವನೂ ಕೂತವನೂ ಅವಳ ಊರಿನ ಮೂಲಪುರುಷನಿಗೆ ಒಡಹುಟ್ಟಿದವರೇ. ಅವಳ ದ್ವೀಪಕ್ಕೆ ನಗುವಷ್ಟು ಮಾತ್ರ ದೋಣಿಯಲ್ಲಿ ಬಂದಿತ್ತು. ಉಳಿದದ್ದು ಇಲ್ಲೇ ಇತ್ತು, ಈ ಚಾಪೆಯ ಮೇಲೆ. ಇಷ್ಟು ವರ್ಷ ಅವಳೂ ಕೇಳಿರಲಿಲ್ಲ.

"ಆಮೇಲೆ ಆ ಯಜಮಾನ್ರನ್ನ ಎಲ್ಲಿ ಮಣ್ಣು ಮಾಡಿದ್ರು ಬೂಬೂ?" ಎಂದಳು ಕೆಲೆರಾ.

"ಅದು ನಿಂಗಲ್ಲ. ಕಾಗದಕ್ಕೂ ಅಲ್ಲ. ಅದು ನಮ್ಮ ಮಕ್ಕಳಿಗೆ."

ಕೆಲೆರಾ ಪೆನ್ಸಿಲ್ ಕಚ್ಚಿ ಯೋಚಿಸಿದಳು. "ಹಾಗಾದ್ರೆ, ಬೂಬೂ ಇಲ್ಲಿಗೆ ನಿಲ್ಲಿಸಿದ್ರು ಅಂತ ಬರೀಲಾ?"

"ಹ್ಞೂಂ, ಹಾಗೇ ಬರಿ" ಎಂದು ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ಈಗ ಓದಿ ಹೇಳು. ನಂಗೆ ಕಣ್ಣು ಹೋಗಿದೆ, ಕಿವಿ ಹೋಗಿಲ್ಲ."

ಹುಡುಗಿ ಓದಿದಳು. ಮುದುಕಿ ಅಲ್ಲಲ್ಲಿ ತಡೆದು ತಿದ್ದಿಸಿದಳು. ಮರಗೆಣಸು, ತೆಂಗಿನ ಹಾಲಲ್ಲಿ ಬೇಯಿಸಿದ ಮೀನು ತಿಂದು ದೋಣಿ ಹತ್ತಿದಾಗ ಹೊತ್ತು ಇಳಿದಿತ್ತು. ಎರೋನಿ ದಂಡೆಯ ತನಕ ಬಂದ. ಮಕ್ಕಳ ವಿಷಯ ಅವನು ಎತ್ತಲಿಲ್ಲ, ಇವಳು ಕೇಳಲಿಲ್ಲ. ಕೇಳುವ ಹಕ್ಕು ತನಗಿದೆ ಎಂದು ಅವಳಿಗೆ ಅನ್ನಿಸಲಿಲ್ಲ. "ಹೋಗಿ ಬನ್ನಿ ಮೇಡಮ್" ಅಂದ ಅವನು. ಮೇಡಮ್ ಅಂದದ್ದು ಹೊಳೆಯುದ್ದಕ್ಕೂ ಅವಳ ಕಿವಿಯಲ್ಲಿ ಕೊರೆಯಿತು.

ಕೆಲೆರಾ ಹೊಸದಾಗಿ ಬರೆದದ್ದನ್ನು ಗೋಡೆಗೆ ಅಂಟಿಸಿದರು. ಮೇಲೆ ಲೊಸಲೀನಿ ಬೂಬೂನ ಹೆಸರು, ಅವಳ ಅಪ್ಪನ ಹೆಸರು. ಕೆಳಗೆ, ಮೊದಲು ಓದಿದ್ದು ಎಲ್ಲಿಂದ ಬಂತು, ಅದು ಯಾಕೆ ತಪ್ಪು ಎಂದು ಕೆಲೆರಾಳೇ ಬರೆದಿದ್ದಳು. ನಾಸೇವೌ ಮಕ್ಕಳು ನಿಂತು ಓದಿದರು. ವೈಕೋರೋ ಮಕ್ಕಳು ಬರಲಿಲ್ಲ. ಸೋಮವಾರ ಬರಲಿಲ್ಲ, ಮಂಗಳವಾರವೂ ಇಲ್ಲ. ಮೇರೆಯಾನಿ ಕಿಟಕಿಯ ಹತ್ತಿರವೂ ಕಾಣಲಿಲ್ಲ. ಉಲಮೀಲಾ ವಾಪಸ್ಸು ಬಂದ ಪುಸ್ತಕಗಳ ಕಟ್ಟು ಬಿಚ್ಚದೆ ಮೂಲೆಯಲ್ಲಿಟ್ಟಿದ್ದಳು. ಬಿಚ್ಚಿ ಕಪಾಟಿಗೆ ಸೇರಿಸಿದರೆ ಮುಗಿದೇಹೋದ ಹಾಗೆ. ಬುಧವಾರ ಸಂತೆಗೆ ಹೋಗಲು ಕಾಲು ಏಳಲಿಲ್ಲ.

ಗುರುವಾರ ಮಧ್ಯಾಹ್ನ. ಬುತ್ತಿ ಬಿಚ್ಚಿ ಮೇಜಿನ ಮೇಲಿಟ್ಟು, ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋಗಿದ್ದಳು. ಬಂದು ನೋಡಿದರೆ ಅವಳ ಕುರ್ಚಿಯಲ್ಲಿ ಯಾರೋ ಕೂತಿದ್ದಾರೆ. ಎರೋನಿ. ಅವಳು ಬೆಳಗ್ಗೆ ಎದ್ದು ಬೇಯಿಸಿದ ಕೆಸುವಿನ ಗೆಡ್ಡೆ ಅವನ ಬಾಯಲ್ಲಿತ್ತು. ಮೀನಿನ ದೊಡ್ಡ ತುಂಡು ಆಗಲೇ ಮುಗಿದು ಮುಳ್ಳು ಉಳಿದಿತ್ತು.

ಅವಳು ಬಾಗಿಲಲ್ಲೇ ನಿಂತಳು.

"ಏನ್ ನೋಡ್ತೀಯೇ ಆಮೆ ಕಳ್ಳಿ?" ಎಂದ ಎರೋನಿ, ಅಗಿಯುತ್ತಲೇ. "ಉಪ್ಪಿಲ್ಲ, ಹುಳಿಯಿಲ್ಲ. ಸಮುದ್ರದ ನಡುವೆ ಹುಟ್ಟಿದೋಳಿಗೆ ಒಂದು ಚಿಟಿಕೆ ಉಪ್ಪು ಸಿಗ್ಲಿಲ್ವಾ? ನಿನ್ನ ಕಟ್ಕೊಂಡೋನು ಬೇಗ ಸತ್ತಿದ್ದು ಇದಕ್ಕೇ ಇರ್ಬೇಕು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ತಿನ್ನೋ ಮುದುಕಾ, ತಿನ್ನು" ಅಂದಳು. "ಲಂಗ..." ಎಂದು ಬಾಯಿಗೆ ಬಂದದ್ದನ್ನು ನುಂಗಿದಳು. "ಹಾವುಮೀನು ನೆಕ್ಕಿ ನೆಕ್ಕಿ ನಾಲಿಗೆ ಸತ್ತಿದೆ ನಿಂಗೆ. ಉಪ್ಪು ಹಾಕಿದ್ರೂ ತಿಳಿಯಲ್ಲ."

ಎರೋನಿ ಗಹಗಹಿಸಿ ನಕ್ಕ. ಆಗ ಅಂಗಳದ ದೀವಿಹಲಸಿನ ಮರದ ಹಿಂದಿನಿಂದ ವೈಕೋರೋ ಮಕ್ಕಳು ಒಬ್ಬೊಬ್ಬರಾಗಿ ಬಂದು ಮೆಟ್ಟಿಲಲ್ಲಿ ಚಪ್ಪಲಿ ಬಿಟ್ಟರು. ಮೇರೆಯಾನಿ ನೇರ ಕಪಾಟಿಗೆ ನುಗ್ಗಿದಳು.

"ಮೇಡಮ್, ಬಾವಿಗೆ ಬಿದ್ಲಲ್ಲ, ಆ ಪುಸ್ತಕ ಎಲ್ಲಿಟ್ರಿ?"

"ಮೂಲೇಲಿ ಕಟ್ಟಿದೆ ನೋಡು. ಬಿಚ್ಕೋ."

ಮಕ್ಕಳು ನಾರಿನ ಹಗ್ಗದ ಗಂಟಿನ ಮೇಲೆ ಬಿದ್ದರು. ಎರೋನಿ ಕೈ ಒರೆಸಿಕೊಂಡು ಎದ್ದ. ಗೋಡೆಯ ಮೇಲಿನ ಕಾಗದದ ಮುಂದೆ ಒಂದು ಗಳಿಗೆ ನಿಂತ. ಬಾಗಿಲಿಗೆ ಬಂದವನು ತಿರುಗಿ, ಆ ರಾಶಿಯಿಂದ ಇಂಜಿನ್ನಿನ ಪುಸ್ತಕ ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಕೇಳಲಿಲ್ಲ. ಅವಳೂ ಬೇಡ ಅನ್ನಲಿಲ್ಲ. ಇನ್ನು ಅದನ್ನು ಅವನ ಹಾಸಿಗೆಯಡಿಯಿಂದ ಎಳೆಯಲು ಯಾವುದಾದರೂ ಶನಿವಾರ ದೋಣಿ ಹತ್ತಬೇಕು. ಕ್ರಿಸ್ಮಸ್ಸಿನೊಳಗೆ ಆಗುತ್ತದೋ ಇಲ್ಲವೋ.

ಅವಳು ಖಾಲಿ ಬುತ್ತಿ ಮುಚ್ಚಿ, ಕುರ್ಚಿಗೆ ಕುಸಿದು, ಚಪ್ಪಲಿ ಕಳಚಿ ಪಾದವನ್ನು ಸಿಮೆಂಟಿಗೆ ಊರಿದಳು. ಹೊಟ್ಟೆ ಚುರುಗುಟ್ಟುತ್ತಿತ್ತು. ಮನೆಗೆ ಹೋಗುವ ಗಂಟೆಗೆ ಇನ್ನೂ ಬಹಳ ಹೊತ್ತಿತ್ತು.